ಸದನದಲ್ಲಿ ಸುರಕ್ಷಿತವಾಗಿದ್ದ ಪಹಣಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ವಿಧಾನಸಭೆಯಲ್ಲಿ ಕೇಳಿಸಿದ ಒಂದು ಪ್ರಶ್ನೆಗೆ ದಂಡ ತೆತ್ತವಳು ಪಾಲಿಗೆ ಹೊಲ ಮಾಡುತ್ತಿದ್ದ ಒಬ್ಬ ವಿಧವೆ. ಉತ್ತರ ಕೊಟ್ಟ ಮಂತ್ರಿ ಏನನ್ನೂ ಕಳೆದುಕೊಳ್ಳಲಿಲ್ಲ. ಪ್ರಶ್ನೆ ಬರೆದ ನಾನೂ ಕಳೆದುಕೊಳ್ಳಲಿಲ್ಲ.

ಆಗ ನಾನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಓಡಾಡಿ ಗೇಣಿದಾರರ ಅರ್ಜಿ ಬರೆದುಕೊಡುತ್ತಿದ್ದೆ. ಉಳುವವರಿಗೆ ಭೂಮಿ ಕೊಡುವ ಕಾನೂನು ಬಂದಿತ್ತು. ಆದರೆ ಉಳುತ್ತಿದ್ದುದಕ್ಕೆ ಭೂ ನ್ಯಾಯಮಂಡಳಿ ಪಹಣಿ ಕೇಳುತ್ತಿತ್ತು: ಯಾವ ಹೊಲವನ್ನು ಯಾವ ವರ್ಷ ಯಾರು ಮಾಡಿದರೆಂದು ಬರೆದಿಟ್ಟ ಸರ್ಕಾರಿ ಹಾಳೆ. ಆ ಹಾಳೆ ಲಭ್ಯವಿಲ್ಲವೆಂದು ತಾಲೂಕು ಕಚೇರಿಯೇ ಹಿಂಬರಹ ಕೊಟ್ಟರೆ ಮಾತ್ರ ಅಕ್ಕಪಕ್ಕದ ಹೊಲದವರ ಬಾಯಿಸಾಕ್ಷಿ ನಡೆಯುತ್ತಿತ್ತು.

ಮೂರರಲ್ಲಿ ಯಾವ ಕಚೇರಿ ಎಂದು ಇಲ್ಲಿ ಹೇಳುವುದಿಲ್ಲ, ಕಂದಾಯ ಇಲಾಖೆಗೆ ಅದು ಗೊತ್ತಿದೆ. ವಿಧವೆಯೊಡನೆ ಹೋದಾಗ ಅಲ್ಲಿಯ ಗುಮಾಸ್ತ ದಾಖಲೆ ಕೋಣೆ ತೆರೆದು, ಬಟ್ಟೆಯ ಗಂಟೊಂದನ್ನು ಬಿಚ್ಚಿದ. ಉರ್ದು ಬರಹದ ಹಾಳೆಗಳ ಅಂಚು ಮಾತ್ರ ಉಳಿದಿತ್ತು, ನಡುವೆ ಮಣ್ಣು.

“ನೋಡ್ರಿ ಅಕ್ಕಾರ, ಗೆದ್ದಲ ಇವನ್ನೆಲ್ಲಾ ತಿಂದು ನಮ್ಮ ಸಾಹೇಬರಕಿಂತ ದಪ್ಪ ಆಗ್ಯಾವ. ಪಹಣಿ ಇಲ್ಲಂತ ಹಿಂಬರಹ ಕೊಡ್ತೇನಿ, ಒಯ್ರಿ” ಎಂದ.

ನಾನು ಬೇಡವೆಂದೆ. ಸರ್ಕಾರದ ನಿರ್ಲಕ್ಷ್ಯವನ್ನು ಒಂದು ಚೀಟಿಯಲ್ಲಿ ಮುಗಿಸಲು ಬಿಡಬಾರದೆಂದು ನಾನು ಓದಿ ಬಂದ ಹೋರಾಟದ ಶಾಲೆ ಕಲಿಸಿತ್ತು.

“ಕೊಡ್ತೇನಂತಾನಲ್ಲ, ಇಸ್ಕೊಂಡು ಹೋಗೂಣಲ್ಲ ತಂಗಿ” ಎಂದಳು ವಿಧವೆ.

“ತಡೀವ್ವ, ಇದನ್ನ ಸದನದಾಗ ಕೇಳಸ್ತೇನಿ.”

“ಅಲ್ಲಿ ಕೇಳಿದ್ರ ಇಲ್ಲಿ ಹೊಲ ಬರ್ತದೇನು?”

ಬರುತ್ತದೆ ಎಂದೆ. ಖಾತ್ರಿಯಿಂದಲೇ ಹೇಳಿದೆ.

ವಿರೋಧ ಪಕ್ಷದ ಶಾಸಕರೊಬ್ಬರು ನನ್ನ ಪ್ರಶ್ನೆಯನ್ನು ಹಾಗೆಯೇ ಕೇಳಿದರು: ಈ ಭಾಗದ ಹಳೆಯ ಪಹಣಿಗಳು ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ, ಹೊಣೆ ಯಾರು? ಕೆಲವು ತಿಂಗಳ ಬಳಿಕ ಉತ್ತರ ಅಚ್ಚಾಗಿ ಬಂತು. ಎಲ್ಲ ದಾಖಲೆಗಳೂ ಸುರಕ್ಷಿತವಾಗಿವೆ. ಪ್ರಶ್ನೆಯ ಎರಡನೆಯ ಭಾಗ ಉದ್ಭವಿಸುವುದಿಲ್ಲ.

ಅದನ್ನು ಹಿಡಿದುಕೊಂಡು ಮತ್ತೆ ಕಚೇರಿಗೆ ಹೋದೆವು. ದಾಖಲೆ ಕೋಣೆಗೆ ಹೊಸ ಬೀಗ ಬಿದ್ದಿತ್ತು.

“ಸುರಕ್ಷಿತ ಇದ್ರ ನಕಲು ಕೊಡ್ರಿ” ಎಂದೆ.

“ಇಲ್ಲದ್ದು ಎಲ್ಲಿಂದ ತರ್ಲಿ ಅಕ್ಕಾರ?” ಎಂದ ಗುಮಾಸ್ತ.

“ಹಂಗಾದ್ರ ಇಲ್ಲಂತ ಬರದು ಕೊಡ್ರಿ.”

“ಮಂತ್ರಿ ಅದಾವ ಅಂದ ಮ್ಯಾಲ ನಾ ಇಲ್ಲಂತ ಹ್ಯಾಂಗ ಬರೀಲಿ? ಅವತ್ತ ಕೊಡ್ತೇನಂದೆ, ನೀವ ಒಲ್ಲೆ ಅಂದ್ರಿ.”

ನಕಲೂ ಇಲ್ಲ, ಹಿಂಬರಹವೂ ಇಲ್ಲ. ಸಾಕ್ಷಿ ಹೇಳಲು ಬಂದಿದ್ದ ಇಬ್ಬರು ಮುದುಕರನ್ನು ಮಂಡಳಿ ಒಳಗೇ ಕರೆಯಲಿಲ್ಲ. ಅರ್ಜಿ ವಜಾ ಆಯಿತು. ಮರುವರ್ಷ ಒಡೆಯ ಹೊಲವನ್ನು ಬೇರೆಯವರಿಗೆ ಕೊಟ್ಟ. ಅದೇ ಹೊಲದಲ್ಲಿ ಆಕೆ ಕೂಲಿಗೆ ತೊಗರಿ ಕೊಯ್ಯುವುದನ್ನು ಬಸ್ಸಿನಿಂದ ಒಮ್ಮೆ ಕಂಡೆ. ಇಳಿಯಲಿಲ್ಲ.

ದಾಖಲೆಯನ್ನು ಗೆದ್ದಲಿಗೆ ಬಿಟ್ಟದ್ದು ತಪ್ಪು. ಕೋಣೆಯನ್ನು ತೆರೆದೂ ನೋಡದೆ ಸದನಕ್ಕೆ ಉತ್ತರ ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಆ ಉತ್ತರ ನಿಜವಾಗಿ ಕಾಣಲೆಂದು ಬೀಗ ಹಾಕಿದ್ದು ಅಪರಾಧ. ಕೈಗೆ ಬಂದಿದ್ದ ಹಿಂಬರಹವನ್ನು ಆಕೆಯ ಪರವಾಗಿ ನಾನು ನಿರಾಕರಿಸಿದ್ದನ್ನೂ ಇದೇ ಪಟ್ಟಿಯಲ್ಲಿ ಸೇರಿಸುತ್ತೇನೆ.

ಹದಿನೈದು ವರ್ಷಕ್ಕೂ ಮೇಲಾಯಿತು. ಆ ಉತ್ತರ ಸದನದ ಕಡತದಲ್ಲಿ ಇಂದಿಗೂ ತಿದ್ದದೆ ಉಳಿದಿದೆ. ಕಂದಾಯ ಇಲಾಖೆಯವರೇ, ಆ ಕೋಣೆಯ ಬೀಗ ತೆಗೆಯಿರಿ. ಯಾವ ಹಳ್ಳಿಯ, ಯಾವ ವರ್ಷದ ಪಹಣಿ ಹಾಳಾಗಿದೆ ಎಂಬ ಪಟ್ಟಿಯನ್ನು ಸದನದಲ್ಲಿ ಮಂಡಿಸಿ, ಹಳೆಯ ಉತ್ತರವನ್ನು ತಿದ್ದಿರಿ. ಅದಕ್ಕೂ ಮೊದಲು, ಪಹಣಿ ಇಲ್ಲವೆಂಬ ಹಿಂಬರಹಕ್ಕೆ ಸಹಿ, ಮೊಹರು ಹಾಕಿ ಆ ಹೆಣ್ಣುಮಗಳ ಮನೆಗೆ ತಲುಪಿಸಿ, ಆಕೆಯ ಅರ್ಜಿಯನ್ನು ಮರುವಿಚಾರಣೆಗೆ ತೆಗೆದುಕೊಳ್ಳಿರಿ.