ಇಸ್ತ್ರಿ ಅಂಗಿಯ ಪಂಕ್

ಅವನಿಗೆ ಪುಕ್ಕಲ ಎಂದು ಹೆಸರಿಟ್ಟವಳು ಅವನ ಅಕ್ಕ. ಆಗ ಅವನಿಗೆ ಆರು ವರ್ಷ; ಮಂಚದ ಕೆಳಗೆ ಏನೋ ಇದೆ ಎಂದು ಮಲಗುವ ಮುಂಚೆ ಮೂರು ಸಲ ಬಗ್ಗಿ ನೋಡುತ್ತಿದ್ದ. ಈಗ ಐವತ್ತೆರಡು. ಮಂಚದ ಕೆಳಗೆ ನೋಡುವುದನ್ನು ಬಿಟ್ಟಿದ್ದಾನೆ. ಅದರ ಬದಲು ಗ್ಯಾಸ್ ಆರಿಸಿದ್ದೇನಾ ಎಂದು ನೋಡುತ್ತಾನೆ, ಬಾಗಿಲಿಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋಗಿ, ವಾಪಸು ಬಂದು ಬೀಗವನ್ನು ಇನ್ನೊಮ್ಮೆ ಜಗ್ಗುತ್ತಾನೆ. ಅವನ ಜೊತೆ ಎಲ್ಲಿಗೇ ಹೊರಟರೂ ಹೆಂಡತಿ ಅರ್ಧ ಗಂಟೆ ಮುಂಚೆ ಚಪ್ಪಲಿ ಮೆಟ್ಟುತ್ತಾಳೆ. ಅವನು ಮಾಡುವ ಲಿಫ್ಟ್ ರಿಪೇರಿಯ ಕೆಲಸಕ್ಕೆ ಇಂಥವನೇ ಸರಿ ಎಂದು ನಿಮಗನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ.

ಇಂಥ ಮನುಷ್ಯ ಹತ್ತೊಂಬತ್ತನೇ ವಯಸ್ಸಿನಲ್ಲಿ ಎಲ್ಲದಕ್ಕೂ ತಿರುಗಿಬಿದ್ದು ಕಿರುಚುವ ಪಂಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಎಂದರೆ ನಂಬುವುದು ಕಷ್ಟ. ಬ್ಯಾಂಡಿನಲ್ಲಿ ಇದ್ದದ್ದು ಮೂವರು. ಅದನ್ನು ಕಟ್ಟಿದವನು ಹುಂಜ. ತಲೆಯ ಎರಡೂ ಕಡೆ ಬೋಳಿಸಿ, ನಡುವಿನ ಕೂದಲಿಗೆ ಗೋಂದು ಹಚ್ಚಿ ನೆಟ್ಟಗೆ ನಿಲ್ಲಿಸುತ್ತಿದ್ದುದರಿಂದ ಆ ಹೆಸರು. ಅವರಿಗೆ ಗಟ್ಟಿಯಾಗಿ ಬರುತ್ತಿದ್ದದ್ದು ಒಂದೇ ಹಾಡು, ಅದರಲ್ಲಿ ಇದ್ದದ್ದು ಒಂದೇ ಮಾತು: ಇಲ್ಲ. ಮುಚ್ಚಿಹೋದ ಟೈರ್ ಗೋಡೌನಿನಲ್ಲಿ ಹುಂಜ ಗಿಟಾರನ್ನು ಗರಗಸದಂತೆ ಎಳೆಯುತ್ತ ಅದನ್ನೇ ನಲವತ್ತು ಸಲ ಕಿರುಚುತ್ತಿದ್ದ. ಪುಕ್ಕಲ ಹಿಂದೆ ಕುಳಿತು ಬಾರಿಸುತ್ತಿದ್ದ. ಮೈಕು ಅವನ ಕಡೆ ತಿರುಗಿದ್ದೇ ಇಲ್ಲ.

ಅವನು ಬರುತ್ತಿದ್ದದ್ದು ಅಮ್ಮ ಇಸ್ತ್ರಿ ಮಾಡಿಕೊಟ್ಟ ಅಂಗಿಯಲ್ಲಿ. ಬ್ಯಾಂಡಿನ ಮರ್ಯಾದೆ ಹೋಗುತ್ತದೆಂದು ಹುಂಜ ಒಂದು ದಿನ ಅದರ ತೋಳನ್ನು ಪರ್ರೆಂದು ಹರಿದ. ಮಾರನೇ ದಿನ ಅಮ್ಮ ಹರಿದದ್ದನ್ನು ಹೊಲಿದು, ಹೊಲಿದದ್ದರ ಮೇಲೆ ಇಸ್ತ್ರಿ ಹಾಕಿದಳು. ಅದನ್ನೇ ಹಾಕಿಕೊಂಡು ಬಂದ. ಗೋಡೌನೆಲ್ಲ ಬಿದ್ದು ಬಿದ್ದು ನಕ್ಕಿತು.

ಹುಂಜನ ತಲೆಯಲ್ಲಿ ಈಗ ನಿಲ್ಲಿಸಲು ಕೂದಲೇ ಇಲ್ಲ. ಲಿಫ್ಟ್ ನೋಡಿಕೊಳ್ಳುವ ಕಂಪನಿಯೊಂದರ ಯಜಮಾನ. ಪುಕ್ಕಲನ ಯಜಮಾನನೂ ಅವನೇ. ಕಿವಿಯ ರಿಂಗು ಮಾತ್ರ ಹಾಗೇ ಇದೆ, ಹಳೆಯ ಗಿಟಾರು ಆಫೀಸಿನ ಗೋಡೆಯ ಮೇಲೆ ಗಾಜಿನೊಳಗಿದೆ. ಬಂದವರಿಗೆಲ್ಲ ಅದನ್ನು ತೋರಿಸಿ, "ನಾವು ಯಾರ ಮಾತೂ ಕೇಳ್ತಿರಲಿಲ್ಲ. ಪಂಕ್ ಅನ್ನೋದು ರಕ್ತದಲ್ಲಿರ್ಬೇಕು" ಎನ್ನುತ್ತಾನೆ. ಎದುರಿಗೆ ಪುಕ್ಕಲನಿದ್ದರೆ, "ಇವ್ನೂ ಇದ್ದ ನಮ್ಮ ಜೊತೆ, ಲೆಕ್ಕಕ್ಕೆ" ಎಂದು ಕಣ್ಣು ಮಿಟುಕಿಸುತ್ತಾನೆ. ಪುಕ್ಕಲ ಹಲ್ಲು ಕಿರಿಯುತ್ತಾನೆ. ನಾಲ್ಕು ಜನರೆದುರು ಅವನು ಹುಂಜನನ್ನು ಸಾರ್ ಎನ್ನುವುದು, ಇಬ್ಬರೇ ಇದ್ದಾಗ ಲೋ ಎನ್ನುವುದು.

ಆ ಮಂಗಳವಾರ ಅವನು ಅಕ್ಕನ ಕಟ್ಟಡಕ್ಕೆ ಹೋಗಿದ್ದ. ಏಳು ಮಹಡಿ, ಅಕ್ಕ ಇರುವುದು ಐದನೆಯದರಲ್ಲಿ. ಭಾವ ತೀರಿಕೊಂಡ ಮೇಲೆ ಅವಳಿಗೆ ಜೊತೆಯೆಂದರೆ ಬಲಗಾಲಿನ ಮಂಡಿನೋವು ಮತ್ತು ಹೊರಗೆ ಹೋಗಿಬರಲು ಆ ಲಿಫ್ಟು. ತಿಂಗಳ ತಪಾಸಣೆಗೆಂದು ಅವನು ಕ್ಯಾಬಿನ್ ಹತ್ತಿ ಮೂರನೇ ಮಹಡಿಯಲ್ಲಿ ನಿಲ್ಲಿಸಿದ. ಅದು ನಿಂತಿತು, ನಿಂತ ಮೇಲೆ ಎರಡು ಬೆರಳಷ್ಟು ಕೆಳಗೆ ಜಾರಿತು. ಮೇಲೆ, ಕೆಳಗೆ, ಮತ್ತೆ ಮೇಲೆ ಓಡಿಸಿದ. ಏಳನೇ ಮಹಡಿಯ ಕನ್ನಡಕದ ಯಜಮಾನರೂ ಅವರ ಮನೆಯ ನಾಲ್ವರೂ ಹತ್ತಿದಾಗ ನಾಲ್ಕು ಬೆರಳು ಜಾರಿತು. ಇಳಿಯುವಾಗ ಯಜಮಾನರ ಮೊಮ್ಮಗಳು ಹೊಸ್ತಿಲು ಎಡವಿದಳು. "ನೋಡ್ಕೊಂಡು ನಡಿಯಮ್ಮ" ಎಂದು ಅವರು ಮಗುವಿಗೇ ಗದರಿದರು.

ಅವನು ಟೆರೇಸಿನ ಮೇಲಿನ ಮಷೀನ್ ರೂಮಿಗೆ ಓಡಿದ. ಬ್ರೇಕಿನ ಲೈನಿಂಗ್, ಅಂದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಪಟ್ಟಿ, ಉಗುರಿನಷ್ಟು ತೆಳ್ಳಗಾಗಿತ್ತು. ಸುಟ್ಟ ವಾಸನೆ ಬರುತ್ತಿತ್ತೋ, ಬಂದಂತೆ ಅನ್ನಿಸುತ್ತಿತ್ತೋ ಅವನಿಗೆ ಗೊತ್ತಾಗಲಿಲ್ಲ. ಅವನ ಮೂಗಿಗೆ ದಿನಕ್ಕೆ ಹತ್ತು ಸಲ ಸುಟ್ಟ ವಾಸನೆ ಬರುತ್ತದೆ. ಹುಂಜನಿಗೆ ಫೋನು ಮಾಡಿದ.

"ಲೈನಿಂಗ್ ಬರೋಕೆ ಹತ್ತು ದಿನ ಆಗುತ್ತೆ. ಅಲ್ಲೀವರೆಗೂ ಓಡ್ಲಿ ಬಿಡು" ಎಂದ ಹುಂಜ.

"ಜಾರ್ತಿದೆ ಕಣೋ."

"ನಿನ್ನ ಕಣ್ಣಿಗೆ ಯಾವ ಲಿಫ್ಟು ಜಾರಲ್ಲ? ಸುಮ್ನೆ ತಲೆ ತಿನ್ಬೇಡ. ಬುಕ್ಕಲ್ಲಿ ಯಾವಾಗ್ಲೂ ಬರೆಯೋದನ್ನೇ ಬರಿ."

ಬುಕ್ಕೆಂದರೆ ಮಷೀನ್ ರೂಮಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ ತಪಾಸಣೆ ಪುಸ್ತಕ. ಪ್ರತಿ ಪುಟಕ್ಕೂ ಅಚ್ಚಾದ ನಂಬರು, ಹರಿದರೆ ಸಿಕ್ಕಿಬೀಳುತ್ತಾರೆ. ಕೊನೆಯ ಅಂಕಣದಲ್ಲಿ ಒಂದೇ ಪ್ರಶ್ನೆ: ಲಿಫ್ಟ್ ಓಡಿಸಬಹುದೇ? ಅದಕ್ಕೆ ಹೌದು ಎಂದು ಬರೆದು ಸಹಿ ಹಾಕುವುದು ಈ ಕಸುಬಿನ ರೂಢಿ. ತೊಂದರೆ ಇದ್ದರೆ ಬಾಯಲ್ಲಿ ಹೇಳುತ್ತಾರೆ, ಬರೆಯುವುದಿಲ್ಲ. ಯಾಕೆಂದರೆ ಒಬ್ಬ ಇಲ್ಲ ಎಂದು ಬರೆದ ಮೇಲೆ, ಅದರ ಕೆಳಗೆ ಹೌದು ಎಂದು ಬರೆಯುವವನ ತಲೆಯ ಮೇಲೆ ಎಲ್ಲ ಹೊಣೆಯೂ ಬಂದು ಕೂರುತ್ತದೆ. ಪುಕ್ಕಲ ಪುಟ ತಿರುವಿದ. ಹೌದು, ಹೌದು, ಹೌದು. ಎಲ್ಲ ಅವನದೇ ಕೈಬರಹ, ಗುಂಡಗೆ, ಒಂದರ ಕೆಳಗೊಂದು.

ಪೆನ್ನು ಹಿಡಿದು ಕುಳಿತ. ಹೌದು ಎಂದರೆ ಆ ಮಗು, ಅಕ್ಕ, ಕ್ಯಾಬಿನ್ ತುಂಬಿದರೆ ಎಂಟು ಜನ. ಇಲ್ಲ ಎಂದರೆ ಹುಂಜ, ಕೆಲಸ, ಹತ್ತು ದಿನ ಮೆಟ್ಟಿಲ ಮುಂದೆ ಅಕ್ಕನ ಮಂಡಿ. ಇದೆಲ್ಲ ತನ್ನ ಹಾಳು ಅನುಮಾನವೇ ಆಗಿದ್ದರೆ? ಅವನು ಧೈರ್ಯ ತಂದುಕೊಂಡ ಎಂದು ಬರೆದರೆ ನಾನು ಸುಳ್ಳು ಹೇಳಿದಂತೆ. ಧೈರ್ಯ ಬರಲೇ ಇಲ್ಲ. ಎದೆ ಡವಗುಟ್ಟುತ್ತಿರುವಾಗಲೇ ಇಲ್ಲ ಎಂದು ಬರೆದ. ಅಕ್ಷರ ಎಷ್ಟು ಸಣ್ಣದಾಯಿತೆಂದರೆ, ಕಾಣುವುದಿಲ್ಲವೇನೋ ಎಂದು ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದ. ಆಮೇಲೆ ಮೇನ್ ಬೋರ್ಡಿನಿಂದ ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಕೆಳಗಿಳಿದ.

ಮೆಟ್ಟಿಲಿಳಿದವನು ಸೀದಾ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಲಿಫ್ಟ್ ನಿಲ್ಲಿಸಿದವನು ತಾನು, ಹಾಗಾಗಿ ಲಿಫ್ಟಿನ ಕೆಲಸವೂ ತನ್ನದೇ ಎಂದು ಅವನ ತಲೆಗೆ ಹೊಕ್ಕಿತು. ಬಂದವರ ಕೈಚೀಲ, ನೀರಿನ ಕ್ಯಾನು, ಒಮ್ಮೆ ಒಂದು ಹೊಲಿಗೆ ಯಂತ್ರ, ಎಲ್ಲವನ್ನೂ ಹೊತ್ತು ಹತ್ತಿದ, ಇಳಿದ. ಹೊತ್ತದ್ದಕ್ಕೆ ಯಾರೂ ಒಳ್ಳೆಯ ಮಾತಾಡಲಿಲ್ಲ. ಕನ್ನಡಕದ ಯಜಮಾನರು ಪ್ರತಿ ಮಹಡಿಯಲ್ಲೂ ನಿಂತು ಉಸಿರೆಳೆದುಕೊಂಡು, ಪ್ರತಿ ಮಹಡಿಯಲ್ಲೂ ಹೊಸದಾಗಿ ಬೈದರು. "ನಿನ್ನೆವರೆಗೂ ಚೆನ್ನಾಗಿ ಓಡ್ತಿತ್ತಲ್ರೀ, ನಿಮಗೇನು ಕೇಡುಗಾಲ?"

"ಜಾರ್ತಿತ್ತು ಸಾರ್."

"ಬಿತ್ತಾ?"

"ಇಲ್ಲ ಸಾರ್."

"ಮತ್ತೆ?"

ಅವನು ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದಿನ ಮೆಟ್ಟಿಲು ಹತ್ತಿದ. ಅಕ್ಕನಂತೂ ಬಾಗಿಲಲ್ಲೇ ನಿಂತು ಮುಖ ಗಂಟಿಕ್ಕಿದಳು. "ಗುರುವಾರ ನಾಲ್ಕು ಗಂಟೆಗೆ ಆಸ್ಪತ್ರೆಗೆ ಹೋಗ್ಬೇಕು ನಾನು, ಮಂಡಿಗೆ ಇಂಜೆಕ್ಷನ್ನು. ಎರಡು ತಿಂಗಳಿಂದ ಕಾದು ಸಿಕ್ಕಿರೋ ಟೈಮು. ನಿನ್ನ ಪುಕ್ಕಲುತನಕ್ಕೆ ನಾನೇ ಸಿಗಬೇಕಿತ್ತೇನೋ?"

"ಅಷ್ಟರಲ್ಲಿ ಸರಿಹೋಗುತ್ತೆ ಅಕ್ಕ" ಎಂದ. ಹೋಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಬುಧವಾರ ಹುಂಜ ಇನ್ನೊಬ್ಬ ಮೆಕ್ಯಾನಿಕ್ಕನನ್ನು ಹೊಸ ಫ್ಯೂಸುಗಳ ಜೊತೆ ಕಳಿಸಿದ. ಅವನು ಶಿಳ್ಳೆ ಹಾಕುತ್ತ ಮಷೀನ್ ರೂಮಿಗೆ ಹೋದ; ಅವತ್ತೂ ಚೀಲ ಹೊರಲು ಬಂದಿದ್ದ ಪುಕ್ಕಲ ಹಿಂದೆಯೇ ಹೋದ. ಪುಸ್ತಕ ತೆರೆದ. ಶಿಳ್ಳೆ ನಿಂತಿತು. "ಅಲ್ಲಯ್ಯಾ, ಇದನ್ನ್ಯಾಕೆ ಬರೆಯೋಕೆ ಹೋದೆ? ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?" ಎಂದ. ಲೈನಿಂಗಿನ ಕಡೆ ಟಾರ್ಚು ಬಿಟ್ಟು ನೋಡಿದ. ಆಫೀಸಿಗೆ ಫೋನು ಮಾಡಿ, ಯಾಕೋ ಹೊಟ್ಟೆ ಕೆಟ್ಟಿದೆ, ಮನೆಗೆ ಹೋಗುತ್ತೇನೆ ಎಂದ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಹುಂಜನೇ ಬಂದ. ಏಳು ಮಹಡಿ ಹತ್ತಿ ಮಷೀನ್ ರೂಮು ತಲುಪುವಷ್ಟರಲ್ಲಿ ಅವನಿಗೆ ಏದುಸಿರು. ಹಿಂದೆಯೇ ಬಂದ ಪುಕ್ಕಲನಿಗೂ ಏದುಸಿರು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಉಸಿರು ಸುಧಾರಿಸಿಕೊಂಡರು.

"ಫ್ಯೂಸು ಕೊಡು."

ಪುಕ್ಕಲ ಜೇಬಿನಿಂದ ತೆಗೆದ. ಪಿಂಗಾಣಿ ಫ್ಯೂಸುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. "ಕೊಡ್ತೀನಿ ಕಣೋ. ಆದ್ರೆ ಮೊದ್ಲು ಬುಕ್ಕಲ್ಲಿ ಹೌದು ಅಂತ ಬರ್ದು ಸಹಿ ಹಾಕು."

"ನಾನ್ಯಾಕೆ? ನಾನು ಮೆಕ್ಯಾನಿಕ್ಕಾ?"

"ನಾನು ಮೆಕ್ಯಾನಿಕ್ಕು. ಇಲ್ಲ ಅಂತ ಬರ್ದಿದೀನಿ."

ಹುಂಜ ಪುಸ್ತಕ ಕಿತ್ತುಕೊಂಡ. ಪೆನ್ನಿನ ಮುಚ್ಚಳ ತೆಗೆದ. ಆ ಸಣ್ಣ, ತಿದ್ದಿ ದಪ್ಪ ಮಾಡಿದ ಅಕ್ಷರಗಳನ್ನು ನೋಡಿದ. ಗೋಡೌನಿನಲ್ಲಿ ನಲವತ್ತು ಸಲ ಕಿರುಚಿದ ಮಾತು ಅವನಿಗೆ ನೆನಪಾಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಪೆನ್ನು ಕಾಗದದ ಹತ್ತಿರ ಹೋಯಿತು, ನಿಂತಿತು. "ಬಿದ್ದೇ ಬೀಳುತ್ತೆ ಅಂತ ನಿಂಗೆ ಖಾತ್ರಿ ಇದೆಯಾ?" ಎಂದು ಕೇಳಿದ.

"ಇಲ್ಲ."

"ಖಾತ್ರಿ ಇಲ್ದೇ ಊರನ್ನೆಲ್ಲ ಎದುರು ಹಾಕ್ಕೊಂಡಿದೀಯಾ?"

"ಹೂಂ. ಭಯ ಆಗ್ತಿದೆ ನಂಗೆ" ಎಂದ ಪುಕ್ಕಲ.

ಹುಂಜ ಮುಚ್ಚಳ ಹಾಕಿದ. ಅವನ ಮುಖ ಕೆಂಪಗಾಗಿತ್ತು. "ಅವತ್ತೂ ನೀನು ಪಂಕ್ ಆಗಿರಲಿಲ್ಲ, ಇವತ್ತೂ ಅಲ್ಲ. ಇಸ್ತ್ರಿ ಅಂಗಿ ಪುಕ್ಕಲ ನೀನು. ನಾಳೆಯಿಂದ ಆಫೀಸಿನ ಕಡೆ ತಲೆ ಹಾಕ್ಬೇಡ." ಪುಸ್ತಕವನ್ನು ಮೊಳೆಗೆ ಸಿಕ್ಕಿಸಿ, ಏನೂ ಬರೆಯದೆ ಇಳಿದು ಹೋದ. ಹೊಸ ಫ್ಯೂಸು ತಂದು ಹಾಕಿಸುವುದೇನು ಅವನಿಗೆ ದೊಡ್ಡ ಮಾತಾಗಿರಲಿಲ್ಲ. ಹಾಕಿಸಲಿಲ್ಲ ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ; ಅಷ್ಟಾದರೂ ಅವನ ರಕ್ತದಲ್ಲಿ ಉಳಿದಿತ್ತು.

ಪುಕ್ಕಲ ಐದನೇ ಮಹಡಿಗೆ ಇಳಿದ. ಅಕ್ಕ ಸಿದ್ಧವಾಗಿ, ಚೀಲ ಮಡಿಲಲ್ಲಿಟ್ಟುಕೊಂಡು, ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತಿದ್ದಳು. ಅವನು ಅವಳೆದುರು ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತ.

"ಹುಚ್ಚಾ ನಿಂಗೆ? ಬೀಳಿಸ್ತೀಯ ನನ್ನ."

"ಬೀಳಿಸಲ್ಲ. ಗಟ್ಟಿಯಾಗಿ ಹಿಡ್ಕೋ."

ಅವಳು ಬೈಯುತ್ತಲೇ ಹತ್ತಿದಳು, ಬೈಯುತ್ತಲೇ ಒಂದು ಮಹಡಿ ಇಳಿದಳು. ಅವನು ಪ್ರತಿ ಮೆಟ್ಟಿಲನ್ನೂ ಮೊದಲು ಕಾಲ್ಬೆರಳಲ್ಲಿ ಮುಟ್ಟಿ, ಆಮೇಲೆ ಭಾರ ಹಾಕುತ್ತಿದ್ದ. ಮೂರನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ ನಿಂತಾಗ ಅವಳ ದನಿ ತಗ್ಗಿತು.

"ನಿಜ ಹೇಳು. ಬೀಳ್ತಿತ್ತಾ ಅದು?"

"ಗೊತ್ತಿಲ್ಲ ಅಕ್ಕ."

"ಕೆಲ್ಸ?"

"ಹೋಯ್ತು."

ಅವಳ ಉಸಿರು ಅವನ ಕಿವಿಗೆ ಬಿಸಿಯಾಗಿ ತಾಗುತ್ತಿತ್ತು. "ಆ ಟೈರ್ ಗೋಡೌನಿಗೆ ಒಂದ್ಸಲ ಬಂದಿದ್ದೆ ನಾನು. ಅಮ್ಮನಿಗೂ ಹೇಳಿರಲಿಲ್ಲ. ಅವ್ನು ಮುಂದೆ ನಿಂತು ಕಿರುಚ್ತಾನೇ ಇದ್ದ. ನಾನು ನಿನ್ನೇ ನೋಡ್ತಿದ್ದೆ. ಮೈಯೆಲ್ಲ ಗಡಗಡ ನಡುಗ್ತಿತ್ತು ನಿಂದು. ಆದ್ರೂ ತಾಳ ತಪ್ಪಲಿಲ್ಲ ನೀನು."

ಮೂವತ್ತಮೂರು ವರ್ಷ ಈ ಮಾತನ್ನು ಎಲ್ಲಿ ಬಚ್ಚಿಟ್ಟಿದ್ದಳು ಇವಳು? ಪುಕ್ಕಲನ ಕಣ್ಣು ಮಂಜಾಯಿತು, ಮೆಟ್ಟಿಲು ಕಾಣದೆ ಇನ್ನಷ್ಟು ಭಯವಾಯಿತು.

"ನಡಿ, ನಾಲ್ಕು ಗಂಟೆ ಆಗ್ತಾ ಬಂತು" ಎಂದಳು ಅಕ್ಕ.

ಹತ್ತು ದಿನ ಎಂದಿದ್ದ ಲೈನಿಂಗ್ ಶನಿವಾರವೇ ಬಂತು. ಹೊಟ್ಟೆ ಕೆಟ್ಟಿದ್ದ ಮೆಕ್ಯಾನಿಕ್ಕೇ ಬಂದು ಹಾಕಿದ. ಹಳೆಯದನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿ ಕಸಕ್ಕೆಸೆದ. ಅದು ಇನ್ನೆಷ್ಟು ದಿನ ಹಿಡಿಯುತ್ತಿತ್ತು ಎಂದು ಇನ್ನು ಯಾರಿಗೂ ತಿಳಿಯುವ ಹಾಗಿಲ್ಲ. ಮೆಕ್ಯಾನಿಕ್ಕು ಪುಸ್ತಕದಲ್ಲಿ ಆ ಇಲ್ಲ ಎಂಬುದರ ಕೆಳಗೆ ಹೌದು ಎಂದು ಬರೆದು ಸಹಿ ಹಾಕಿದ. ಪುಕ್ಕಲ ಅಲ್ಲೇ ನಿಂತಿದ್ದ, ಕೆಲಸಗಾರನಾಗಿ ಅಲ್ಲ, ಐದನೇ ಮಹಡಿಯವರ ತಮ್ಮನಾಗಿ. ಮೂರೂ ಫ್ಯೂಸನ್ನು ಜೇಬಿನಿಂದ ತೆಗೆದು ಅವನ ಕೈಗೆ ಕೊಟ್ಟ.

ಕೆಳಗೆ ಲಿಫ್ಟಿನ ಬಾಗಿಲಲ್ಲಿ ಏಳೆಂಟು ಜನ ಸೇರಿದ್ದರು. ಕೈಚೀಲ ಹಿಡಿದ ಕನ್ನಡಕದ ಯಜಮಾನರು ಎಲ್ಲರಿಗಿಂತ ಮುಂದೆ. ಅಕ್ಕನನ್ನೂ ಬೆಳಿಗ್ಗೆ ಅವನೇ ಬೆನ್ನ ಮೇಲೆ ಇಳಿಸಿ ತಂದಿದ್ದ. ಬಾಗಿಲು ತೆರೆಯಿತು. ಪುಕ್ಕಲ ಎಲ್ಲರಿಗೂ ಅಡ್ಡ ಕೈ ಚಾಚಿ ಒಳಗೆ ಹೋದ, ಒಬ್ಬನೇ ಏಳನೇ ಮಹಡಿಗೆ ಹೋಗಿ ಬಂದ. ಬಗ್ಗಿ ಹೊಸ್ತಿಲಿಗೆ ಬೆರಳಿಟ್ಟು ನೋಡಿದ. ಒಂದು ಕೂದಲೆಳೆಯಷ್ಟೂ ಜಾರಿರಲಿಲ್ಲ. ಆದರೂ ಮತ್ತೆ ಗುಂಡಿ ಒತ್ತಿದ.

"ಇನ್ನೂ ಅನುಮಾನವೇನ್ರೀ ಇವ್ರಿಗೆ? ಎಷ್ಟು ಹೊತ್ತು ಕಾಯೋದು?" ಎಂದು ಯಜಮಾನರು ರೇಗಿದರು.

ಅಕ್ಕ ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕಿ, ಗೋಡೆ ಹಿಡಿದು ನಿಂತಳು.

"ನೋಡ್ಲಿ ಬಿಡಿ ಅವ್ನು. ನಾನು ಕಾಯ್ತೀನಿ."