ಹಾವುಮೀನಿನ ತೊಟ್ಟಿಗೆ ಹಾಕಿದ ಮರಳು

ಡಬ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಡಬ್. ಹಾವುಮೀನು ಕೆಳಗಿನಿಂದ ಮೂತಿಯಲ್ಲಿ ತೊಟ್ಟಿಯ ಮುಚ್ಚಳವನ್ನು ಗುದ್ದುವ ಸದ್ದು. ಹಲಗೆಯ ಮೇಲೆ ಅಮ್ಮನ ಕಾಲದ ಗುಂಡುಕಲ್ಲು ಹೇರಿರುತ್ತಿದ್ದೆವು. ಒಂದು ದಿನ ಮರೆತದ್ದಕ್ಕೆ ಒಂದು ಮೀನು ಹೊರಗೆ ಹಾರಿ, ಸಿಮೆಂಟಿನ ಮೇಲೆ ಹೊರಳಿ ಹೊರಳಿ ಮೈ ತರಚಿಕೊಂಡು ಸತ್ತಿತ್ತು. ನಾನೇ ಪೊರಕೆಯಲ್ಲಿ ಗುಡಿಸಿದೆ.

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಆ ಕ್ವಾರ್ಟರ್ಸಿನಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ತಮ್ಮ. ನಾನು ಕಾನ್ವೆಂಟಿನಲ್ಲಿ ಓದಿ ಟೀಚರ್ ಆದವಳು. ಅವನು ಮೈನ್ಸ್ ಮುಚ್ಚುವ ತನಕ ಅಂಡರ್‌ಗ್ರೌಂಡಿನಲ್ಲಿ ಡ್ರಿಲ್ ಹಿಡಿದವನು. ಇಬ್ಬರಿಗೂ ಮದುವೆ ಆಗಲಿಲ್ಲ. ವಯಸ್ಸಾದ ಮೇಲೆ ಅವನಿಗೆ ಈ ಹುಚ್ಚು ಹತ್ತಿತು. ಕಾಮಸಮುದ್ರದ ಕೆರೆಯಿಂದ ಐದು ಹಾವುಮೀನು ತಂದು ಡ್ರಾಯಿಂಗ್ ರೂಮಿನ ಗಾಜಿನ ತೊಟ್ಟಿಗೆ ಬಿಟ್ಟ. ಬಂಗಾರಪೇಟೆಯ ಅಕ್ವೇರಿಯಂ ಅಂಗಡಿಯವನು ನಕ್ಕನಂತೆ: "ಸಾಕೋದು ಸಾಕಿ. ಗಾಜಿನೊಳಗೆ ಮರಿ ಮಾತ್ರ ಆಗಲ್ಲ, ಬುಡಿ."

ಆ ಮಾತು ತಮ್ಮನಿಗೆ ನಾಟಿಬಿಟ್ಟಿತು. "ಒಂದೇ ಒಂದು ಮರಿ ಕಣಕ್ಕಾ. ನನ್ ಕೈಯಾಗೆ ಒಂದು ಕಣ್ ಬುಟ್ರೆ ಸಾಕು."

ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ ರೇಗಿಸುತ್ತಿದ್ದಳು: "ಏನ್ ಟೀಚರಮ್ಮಾ, ಮೀನ್ ಕೊಳಂಬು ಎಂದಿಗೆ? ಸಾರಿಗೆ ಉಣ್ಸೆಹಣ್ಣು ನಾನ್ ತತ್ತೀನಿ."

ಜೆಂಟಲ್ ಪ್ರಾಣಿಗಳಲ್ಲ ಅವು. ಗಂಡುಗಳು ಜಾಗಕ್ಕೆ ಕಚ್ಚಾಡಿ, ಒಂದರ ಬಾಲ ಮೂಳೆ ಕಾಣುವಷ್ಟು ಹರಿದಿತ್ತು. ಗೆದ್ದದ್ದು ದಿನವಿಡೀ ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ ತಲೆಗೆ ಗುದ್ದುತ್ತಿತ್ತು. ಅದೇ ಅವುಗಳ ಕೋರ್ಟ್‌ಶಿಪ್. ಮೊದಲ ಸಲ ತೊಟ್ಟಿಯಲ್ಲಿ ತೇಲುತ್ತಿದ್ದ ಅಂತರಗಂಗೆ ಗಿಡದ ಬೇರಿಗೆ ಮೊಟ್ಟೆ ಅಂಟಿದ್ದೇ ತಡ, ಉಳಿದ ಎರಡು ಸೇರಿ ಅಷ್ಟನ್ನೂ ತಿಂದವು. ತಮ್ಮ ಆ ಎರಡನ್ನೂ ಬಾಲ ಹಿಡಿದೆತ್ತಿ ಬಚ್ಚಲ ಕಲ್ಲಿಗೆ ಬಡಿದ. ಗೋಡೆಗೆ ಸಿಡಿದದ್ದನ್ನು ನಾನು ಫಿನೈಲ್ ಹಾಕಿ ತೊಳೆದೆ. ಒಂದು ಜೋಡಿ ಮಾತ್ರ ಉಳಿಯಿತು.

ಹೆಣ್ಣಿನ ಹೊಟ್ಟೆ ಮತ್ತೆ ತುಂಬಿತು. ಕಚ್ಚುತ್ತದೆಂದು ತಮ್ಮ ಗಂಡನ್ನು ಬಕೆಟ್ಟಿನಲ್ಲಿ ಬೇರೆ ಇಟ್ಟಿದ್ದ. ಹೆಣ್ಣು ಹೂತುಕೊಳ್ಳಲು ಹೋಗಿ ಹೋಗಿ, ತೊಟ್ಟಿಯ ತಳದ ಒರಟು ಜಲ್ಲಿಗೆ ಅದರ ಹೊಟ್ಟೆಯ ಚರ್ಮ ಸುಲಿದಿತ್ತು. ಅದನ್ನು ನೋಡಲಾಗದೆ, ತಮ್ಮ ಏರ್ ಪಂಪ್ ರಿಪೇರಿಗೆಂದು ಬಂಗಾರಪೇಟೆಗೆ ಹೋದ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಸಯನೈಡ್ ಗುಡ್ಡಕ್ಕೆ ನಡೆದೆ. ಸಯನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಕಲ್ಲಿನ ಪುಡಿಯ ಗುಡ್ಡ ಅದು. ಚಿಕ್ಕವರಿದ್ದಾಗ ತಗಡಿನ ಮೇಲೆ ಕೂತು ಜಾರುತ್ತಿದ್ದೆವು. ಫೇಸ್ ಪೌಡರಿನಷ್ಟು ನುಣುಪು. ಇಷ್ಟು ವರ್ಷದ ಮಳೆಗೆ ವಿಷ ಎಲ್ಲಿ ಉಳಿದೀತು? ನಾಲ್ಕು ನೀರಿನಲ್ಲಿ ತೊಳೆದು, ಜಲ್ಲಿ ತೆಗೆದು, ಹಾಸಿದೆ. ಅವನಿಗೆ ಸರ್‌ಪ್ರೈಸ್.

ಮಧ್ಯಾಹ್ನದೊಳಗೆ ಹೆಣ್ಣು ಮರಳಿನಿಂದ ಸಿಡಿದು ಬಂತು. ಮುಚ್ಚಳಕ್ಕೆ ಗುದ್ದಿತು, ಗಾಜಿಗೆ ಗುದ್ದಿತು, ಮೂತಿ ಒಡೆದು ನೀರು ಕೆಂಪಗಾಗುವ ತನಕ ಗುದ್ದಿತು. ನಾನು ಕೈ ಹಾಕಿದರೆ ಬೆನ್ನಿನ ಮುಳ್ಳು ಅಂಗೈ ಸೀಳಿತು. ಕೊನೆಗೆ ಸುತ್ತಿಕೊಂಡು, ಬಾಯಿ ತೆರೆದು, ಮೊಟ್ಟೆಗಳನ್ನೆಲ್ಲ ಆ ಮರಳಿನ ಮೇಲೇ ಸುರಿದು ಸತ್ತಿತು.

ತಮ್ಮ ಬಾಗಿಲಲ್ಲಿ ನಿಂತಿದ್ದ. "ಏನ್ ಆಕ್ದೆ ಇದ್ರಾಗೆ?"

ಹೇಳಿದೆ.

"ಅಷ್ಟು ವರ್ಸ ಒಳಗಿಳ್ದು ಅಗೆದೋನು ನಾನು. ಅದೇನಂತ ನನ್ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?" ಸುತ್ತಿಗೆಯಿಂದ ಒಂದೇ ಏಟಿಗೆ ತೊಟ್ಟಿ ಒಡೆದ. ಗಾಜು ಅವನ ಮುಂಗೈಯನ್ನು ಉದ್ದಕ್ಕೂ ಸೀಳಿತು. ಆ ರಕ್ತದ ಕೈಯಲ್ಲೇ ಮರಳು ಬಾಚಿ ನನ್ನ ಬಾಯಿಗೆ ಒತ್ತಿದ. "ತಿನ್ನು! ತೊಳ್ದಿದೀಯಲ್ಲ, ತಿನ್ನು!"

ನನ್ನ ಕಾನ್ವೆಂಟ್ ಮ್ಯಾನರ್ಸ್ ಎಲ್ಲಿ ಹೋಯಿತೋ. ಮುಚ್ಚಳದ ಹಲಗೆ ಎತ್ತಿ ಅವನ ತಲೆಗೆ ಹೊಡೆದೆ. ಎರಡು ಸಲ. ಎರಡನೆಯದು ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬಕೆಟ್ಟಿನಲ್ಲಿದ್ದ ಗಂಡು ಮೀನನ್ನು ಕೆರೆಗೆ ಬಿಡಲು ಕಾಮಸಮುದ್ರಕ್ಕೆ ಹೊರಟ. ಅಲ್ಲೇ ಒಬ್ಬ ಹಳೆಯ ಜೊತೆಗಾರನ ಮನೆಯಲ್ಲಿ ಉಳಿದ. ತಿಂಗಳೊಳಗೆ ಹಾರ್ಟ್ ಅಟ್ಯಾಕ್. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಹಾಗಾಗಿ ಅವನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೇ ಕೊನೆ. ತಲೆಗೆ ಟವೆಲ್, ಕೈಗೆ ನನ್ನ ಹಳೇ ಸೀರೆಯ ಪಟ್ಟಿ, ಕಾಲುಗಳ ನಡುವೆ ಬಕೆಟ್. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ಗಾಜು ಪೂರ್ತಿ ಗುಡ್ಸಿಲ್ಲಕ್ಕಾ. ಚಪ್ಲಿ ಆಕ್ಕೊಂಡು ಓಡಾಡು."

ನನ್ನ ಹಲ್ಲಿನಲ್ಲಿ ಇನ್ನೂ ಮರಳು ಕರಕರ ಅನ್ನುತ್ತಿತ್ತು. ಮುಖ ಆಚೆ ತಿರುಗಿಸಿದೆ.