ಸ್ಟ್ರಾಸ್‌ಬರ್ಗ್ ಯಾವ ದೇಶದಲ್ಲಿದೆ?

ಇತಿಹಾಸ ನನಗೆ ಹೈಸ್ಕೂಲಿನಿಂದಲೂ ಆಗಿಬರದ ವಿಷಯ. ಅದನ್ನು ತಪ್ಪಿಸಿಕೊಳ್ಳಲೆಂದೇ ಇಂಜಿನಿಯರಿಂಗ್ ಓದಿ, ಕಂಪ್ಯೂಟರ್ ಹಿಡಿದು, ಅಮೆರಿಕದವರೆಗೂ ಓಡಿಬಂದವಳು ನಾನು. ಅದು ಮ್ಯಾನ್‌ಹ್ಯಾಟನ್ನಿನ ಆಫೀಸಿನಲ್ಲಿ, ಫೋನಿನ ಮೂಲಕ ನನ್ನನ್ನು ಹಿಡಿದುಹಾಕುತ್ತದೆಂದು ಯಾರಿಗೆ ಗೊತ್ತಿತ್ತು?

ಇಸವಿಯ ಕೊನೆಗೆ ಎರಡು ಸೊನ್ನೆ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂದು ಜಗತ್ತು ನಡುಗುತ್ತಿದ್ದ ಕಾಲ. ನಾನು ಹಿಕ್ಸ್‌ವಿಲ್‌ನಿಂದ ದಿನಾ ರೈಲಿನಲ್ಲಿ ಕಮ್ಯೂಟ್ ಮಾಡಿ, ಒಂದು ಆರೋಗ್ಯ ವಿಮೆ ಕಂಪನಿಯ ಹಳೇ ಪ್ರೋಗ್ರಾಮುಗಳನ್ನು ರಿಪೇರಿ ಮಾಡುತ್ತಿದ್ದೆ. ಸುಮ್ಮನೆ ಅಷ್ಟೇ ಮಾಡಿದ್ದರೆ ಚೆನ್ನಾಗಿತ್ತು. ಯಾರೂ ಕೇಳದಿದ್ದರೂ ನನ್ನದೊಂದು ಜಾಣತನ ಸೇರಿಸಿದೆ: ಹುಟ್ಟಿದ ಊರಿಗೂ ದೇಶಕ್ಕೂ ತಾಳೆಯಾಗದಿದ್ದರೆ ಕಂಪ್ಯೂಟರು ಆ ದಾಖಲೆಯನ್ನು ಒಪ್ಪುವುದೇ ಇಲ್ಲ.

ವಾರದೊಳಗೆ ಮ್ಯಾನೇಜರ್ ಸ್ಟೀವ್ ಒಂದು ಕಾಗದ ತಂದು ನನ್ನ ಮುಂದಿಟ್ಟ. ಮಿಸೆಸ್ ಕೆಲ್ಲರ್, ಎಂಬತ್ತೆಂಟು ವರ್ಷ, ವಾಸ ಜ್ಯಾಕ್ಸನ್ ಹೈಟ್ಸ್. ಕಣ್ಣಿನ ಪೊರೆಯ ಆಪರೇಷನ್ನಿಗೆ ಅನುಮತಿ ಸಿಗದೆ ನಿಂತಿದೆ. ಹುಟ್ಟಿದ್ದು ಸ್ಟ್ರಾಸ್‌ಬರ್ಗ್, ಜರ್ಮನಿ. ಸ್ಟ್ರಾಸ್‌ಬರ್ಗ್ ಇರುವುದು ಫ್ರಾನ್ಸಿನಲ್ಲಿ. "ಜಸ್ಟ್ ಕಾಲ್ ಹರ್. ಎರಡು ನಿಮಿಷದ ಕೆಲಸ" ಎಂದ.

ಫೋನು ಮಾಡಿದೆ. "ನಿಮ್ಮ ದಾಖಲೆಯಲ್ಲಿ ತಪ್ಪಿದೆ, ಫ್ರಾನ್ಸ್ ಅಂತ ತಿದ್ದಲಾ?"

"ಬೇಡ. ನಾನು ಹುಟ್ಟಿದಾಗ ಅದು ಜರ್ಮನಿ."

"ಹಾಗಾದರೆ ನೀವು ಜರ್ಮನ್?"

"ಖಂಡಿತ ಅಲ್ಲ!"

ಆಮೇಲೆ ಶುರುವಾಯಿತು ನೋಡಿ. ಮೊದಲು ರೋಮನ್ನರು ಬಂದು ನದಿಯ ಪಕ್ಕ ದಂಡು ಇಳಿಸಿದರಂತೆ. ಆಮೇಲೆ ಬಿಷಪ್ಪರು ಆಳಿದರಂತೆ. ಅವರನ್ನು ಊರಿನವರೇ ಓಡಿಸಿದರಂತೆ. ಇನ್ನೂರು ವರ್ಷ ಜಗತ್ತಿನಲ್ಲೇ ಎತ್ತರದ ಗೋಪುರ ಅವರ ಚರ್ಚಿನದೇ ಆಗಿತ್ತಂತೆ. ಫ್ರಾನ್ಸಿನ ರಾಜ ನುಂಗಿದ, ಜರ್ಮನ್ನರು ಕಿತ್ತುಕೊಂಡರು, ಫ್ರೆಂಚರು ಮರಳಿ ಪಡೆದರು, ಮತ್ತೆ ಜರ್ಮನ್ನರು, ಮತ್ತೆ ಫ್ರೆಂಚರು. ಗಡಿಯಾರದ ಮುಳ್ಳು ಮುಕ್ಕಾಲು ಸುತ್ತು ಮುಗಿಸಿತ್ತು. ನನ್ನ ತಾಳ್ಮೆ ಹದಿನೈದನೆಯ ಶತಮಾನದಲ್ಲೇ ಮುಗಿದಿತ್ತು.

"ಮೇಡಂ, ಒಂದೇ ಒಂದು ದೇಶ ಹೇಳಿ. ನಿಮ್ಮ ಆಪರೇಷನ್ ನಿಂತಿದೆ!" ಎಂದು ಹೆಚ್ಚುಕಮ್ಮಿ ಕಿರುಚಿದೆ.

ಆಕೆ ದನಿ ಏರಿಸದೆ ಹೇಳಿದರು: "ನಾವು ಮನೆ ಬದಲಾಯಿಸಲಿಲ್ಲ ಮಗು. ಬಂದವರೆಲ್ಲ ನಮ್ಮನ್ನು ಬದಲಾಯಿಸಿದರು. ಶಾಲೆಯ ಭಾಷೆ, ಬೀದಿಯ ಹೆಸರು, ಕೊನೆಗೆ ನನ್ನ ಹೆಸರು. ನನ್ನ ತಮ್ಮನಿಗೆ ಜರ್ಮನ್ನರು ಬಲವಂತವಾಗಿ ಅವರ ಸಮವಸ್ತ್ರ ಹಾಕಿಸಿ ಯುದ್ಧಕ್ಕೆ ಕಳಿಸಿದರು. ಹೋದವನು ಬರಲಿಲ್ಲ. ಪ್ರತಿಸಲವೂ ಯಾರೋ ಒಬ್ಬರು ಕಾಗದ ಹಿಡಿದುಕೊಂಡು ಬಂದು, ಹಿಂದಿನದು ತಪ್ಪು, ತಿದ್ದುತ್ತೇವೆ ಅನ್ನುತ್ತಿದ್ದರು. ಈಗ ನೀನು ಫೋನು ಮಾಡಿದ್ದೀಯ. ಕಣ್ಣು ಹೀಗೇ ಇರಲಿ ಬಿಡು."

ಫೋನಿಟ್ಟ ಮೇಲೆ ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಮೊದಲು ಆಕೆಯ ಮೇಲೆ, ಆಮೇಲೆ ಆ ರಾಜರುಗಳ ಮೇಲೆ, ರೈಲಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ನನ್ನ ಮೇಲೆ. ಮರುದಿನ ನನ್ನ ಜಾಣತನದ ಆ ಹನ್ನೊಂದು ಸಾಲುಗಳನ್ನು ಅಳಿಸಿಹಾಕಿದೆ. ಟೆಸ್ಟಿಂಗ್ ಎಲ್ಲ ಮೊದಲಿನಿಂದ ಮಾಡಬೇಕಾಯಿತು. ಸ್ಟೀವ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಅದೊಂದು ಲಾಭ. ಅನುಮತಿ ಹೊರಟಿತು, ಜರ್ಮನಿ ಜರ್ಮನಿಯಾಗಿಯೇ ಉಳಿಯಿತು.

ತಿಂಗಳ ಮೇಲೆ ಆಕೆಯೇ ಫೋನು ಮಾಡಿದರು. ಆಪರೇಷನ್ ಚೆನ್ನಾಗಿ ಆಯಿತಂತೆ. ಗೋಡೆಯ ಮೇಲಿನ ತಮ್ಮೂರಿನ ಆ ಚರ್ಚಿನ ಚಿತ್ರ ಮಸಿ ಹಿಡಿದಿದೆ ಎಂದುಕೊಂಡಿದ್ದರಂತೆ. ಈಗ ನೋಡಿದರೆ ಕಲ್ಲು ಮೊದಲಿನ ಹಾಗೇ ಗುಲಾಬಿ ಬಣ್ಣದ್ದಂತೆ.

"ಅಂದಹಾಗೆ, ನೀನು ಹುಟ್ಟಿದ್ದೆಲ್ಲಿ?" ಎಂದು ಕೇಳಿದರು.

"ಇಂಡಿಯಾದಲ್ಲಿ, ಬಳ್ಳಾರಿ."

"ಅದು ಯಾವ ರಾಜ್ಯ?"

"ಈಗ ಕರ್ನಾಟಕ. ನಾನು ಹುಟ್ಟಿದಾಗ ಮೈಸೂರು. ಅದೇ ಮನೆಯಲ್ಲಿ ನಮ್ಮಪ್ಪ ಹುಟ್ಟಿದಾಗ ಮದ್ರಾಸು. ಅದಕ್ಕೂ ಮೊದಲು ನಿಜಾಮ ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ. ಅದಕ್ಕೂ ಹಿಂದೆ, ವಿಜಯನಗರದ ಕಾಲದಲ್ಲಿ..."

ಎಷ್ಟು ಹೊತ್ತು ಹೇಳಿದೆನೋ, ಆ ಕಡೆಯಿಂದ ಮೆಲ್ಲಗೆ ಒಂದು ಕೆಮ್ಮು ಕೇಳಿಸಿತು.

"ಸ್ವಲ್ಪ ಬೇಗ ಹೇಳಿ ಮುಗಿಸು ಮಗು, ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳೋ ಹೊತ್ತಾಯಿತು."